ಕನ್ನಡನಾಡಿನಲ್ಲಿ ದೂರವಾಣಿ ಉದ್ಯಮವೂ ಅದರ ಸಂಘಟನೆಯೂ

ರಾಜ್ಯಗಳ ಚರಿತ್ರೆಯನ್ನು ಬರೆಯುವವರು ಕೋಟೆಗಳನ್ನು ಎಣಿಸುತ್ತಾರೆ, ಕಾಳಗಗಳನ್ನು ವರ್ಣಿಸುತ್ತಾರೆ, ಅರಸರ ವಂಶಾವಳಿಯನ್ನು ಕೊಡುತ್ತಾರೆ. ಆದರೆ ಒಂದು ಊರಿನ ವರ್ತಮಾನವು ಮತ್ತೊಂದು ಊರಿಗೆ ಯಾವ ಮಾರ್ಗವಾಗಿ, ಯಾರ ಅಧೀನದಲ್ಲಿ, ಎಷ್ಟು ಕಾಲಕ್ಕೆ ಮುಟ್ಟುತ್ತಿದ್ದಿತು ಎಂಬುದನ್ನು ವಿಚಾರಿಸುವವರು ವಿರಳ. ಶಹಾಪುರ ತಾಲ್ಲೂಕಿನ ವನದುರ್ಗದಲ್ಲಿ ಸುರಪುರದ ನಾಯಕರ ಕಾಲದ ಕೋಟೆಯು ಇಂದಿಗೂ ನಿಂತಿರುವುದು. ಶತ್ರುವನ್ನು ಹೊರಗಿಡುವುದಕ್ಕೆ ಕಲ್ಲಿನ ಗೋಡೆ ಬೇಕು. ಆದರೆ ಶತ್ರುವು ಬರುತ್ತಿರುವನೆಂಬ ಸುದ್ದಿಯು ಒಳಗೆ ಬರುವುದಕ್ಕೆ ದಾರಿಯೂ ಬೇಕು. ಆ ದಾರಿಯು ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿಯೇ ಪ್ರಾಂತದ ಭಾಗ್ಯದ ಒಂದು ಪಾಲು ಇರುವುದು. ಈ ದೃಷ್ಟಿಯಿಂದ ಕನ್ನಡನಾಡಿನ ದೂರವಾಣಿ ಉದ್ಯಮದ ಚರಿತ್ರೆಯನ್ನು ಪರಿಶೀಲಿಸುವುದು ಉಚಿತವಾಗಿದೆ.

ಪೂರ್ವದಲ್ಲಿ ವರ್ತಮಾನವು ಮನುಷ್ಯನ ಕಾಲಿನಷ್ಟು, ಹೆಚ್ಚೆಂದರೆ ಕುದುರೆಯ ಕಾಲಿನಷ್ಟು ವೇಗದಿಂದ ಮಾತ್ರವೇ ನಡೆಯುತ್ತಿದ್ದಿತು. ೧೭೦೫ರಲ್ಲಿ ಔರಂಗಜೇಬನು ತನ್ನ ವೃದ್ಧಾಪ್ಯದಲ್ಲಿ ಸ್ವತಃ ಬಂದು ವಾಗಿನಗೇರಿಯ ಕೋಟೆಯನ್ನು ಮುತ್ತಿದಾಗ ದಿಲ್ಲಿಗೂ ಬೀದರಿಗೂ ಹೋದ ಸುದ್ದಿಯೆಲ್ಲವೂ ಹರಿಕಾರರ ಕೈಯಲ್ಲಿ ಹೋದುದೇ. ೧೮೪೨ರಿಂದ ೧೮೫೩ರವರೆಗೆ ಸುರಪುರದಲ್ಲಿ ಇಂಗ್ಲಿಷರ ಪ್ರತಿನಿಧಿಯಾಗಿದ್ದ ಮೆಡೋಸ್ ಟೇಲರನ ಕಾಲದಲ್ಲಿಯೂ ಸ್ಥಿತಿಯು ಇದೇ ಆಗಿದ್ದಿತು. ಬಾಲರಾಜನಾದ ವೆಂಕಟಪ್ಪನಾಯಕನ ಪರವಾಗಿ ಅವನು ಆಡಳಿತವನ್ನು ನಡೆಯಿಸುತ್ತಿದ್ದಾಗ ಮೇಲಧಿಕಾರಿಗಳ ಅಪ್ಪಣೆಗಳು ಟಪಾಲಿನಲ್ಲಿಯೇ ಬರಬೇಕಾಗಿದ್ದಿತು.

ಅಷ್ಟರಲ್ಲಿಯೇ ಉತ್ತರದಲ್ಲಿ ಒಂದು ಹೊಸ ಶಕ್ತಿಯು ಕಣ್ಣು ತೆರೆದಿದ್ದಿತು. ಓಶಾನೆಸಿ ಎಂಬ ವೈದ್ಯನು ೧೮೫೧ರಲ್ಲಿ ಕಲಕತ್ತೆಯಿಂದ ಡೈಮಂಡ್ ಹಾರ್ಬರಿನ ಕಡೆಗೆ ತಂತಿಯನ್ನು ಎಳೆದು ವಿದ್ಯುತ್ತಿನಿಂದ ವರ್ತಮಾನವನ್ನು ಕಳುಹಿಸಿದನು. ೧೮೫೫ರಲ್ಲಿ ತಂತಿಯು ಸಾರ್ವಜನಿಕರಿಗೆ ತೆರೆಯಲ್ಪಟ್ಟಿತು. ಎರಡು ವರ್ಷಗಳ ತರುವಾಯ ದಂಗೆಯು ಎದ್ದಾಗ ಈ ತಂತಿಯು ಆಳುವವರ ಪಾಲಿಗೆ ದೊಡ್ಡ ಆಯುಧವಾಯಿತು. ಸುರಪುರದ ರಾಜನೂ ಆ ಸಮಯದಲ್ಲಿ ಇಂಗ್ಲಿಷರಿಗೆ ಎದುರು ನಿಂತು, ೧೮೫೮ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ನೀಗಿದನು. ೧೮೬೦ರಲ್ಲಿ ಸುರಪುರವು ನಿಜಾಮರಿಗೆ ಸೇರಿತು. ಇದರಿಂದ ತಿಳಿಯತಕ್ಕ ಸಂಗತಿಯೇನೆಂದರೆ, ತಂತಿಯು ಈ ದೇಶಕ್ಕೆ ಪ್ರಜೆಗಳ ಸೌಕರ್ಯವಾಗಿ ಅಲ್ಲ, ಪ್ರಭುತ್ವದ ಕಣ್ಣು ಕಿವಿಗಳಾಗಿ ಮೊದಲು ಬಂದಿತು. ಹುಟ್ಟಿನ ಈ ಗುಣವು ಮುಂದೆ ದೂರವಾಣಿಗೂ ಬಹುಕಾಲ ಅಂಟಿಕೊಂಡಿದ್ದಿತು.

೧೮೭೧ರಲ್ಲಿ ಮುಂಬಯಿಯ ಕಡೆಯಿಂದ ಬಂದ ರೈಲುದಾರಿಯು ವಾಡಿ, ಯಾದಗಿರಿಗಳ ಮೇಲೆ ಹಾದು, ರಾಯಚೂರಿನಲ್ಲಿ ಮದರಾಸಿನ ದಾರಿಯೊಡನೆ ಕೂಡಿತು. ಕಂಬಿಗಳ ಪಕ್ಕದಲ್ಲಿಯೇ ತಂತಿಯ ಕಂಬಗಳೂ ಸಾಲಾಗಿ ನಿಂತುವು. ಮುಂಬಯಿಯ ಹತ್ತಿಯ ದರವೂ ಮದರಾಸಿನ ಅಧಿಕಾರಿಯ ವರ್ಗಾವಣೆಯೂ ಯಾದಗಿರಿಯ ತಲೆಯ ಮೇಲೆಯೇ ಕ್ಷಣಾರ್ಧದಲ್ಲಿ ಹಾರಿಹೋಗುತ್ತಿದ್ದುವು. ಭೀಮಾನದಿಯ ಈಚೆಗೆ ಶಹಾಪುರ, ಸುರಪುರ, ವನದುರ್ಗಗಳ ರೈತನಿಗೆ ಮಾತ್ರ ಎತ್ತಿನ ಗಾಡಿಯ ವೇಗವೇ ವೇಗ. ಹೊಳೆಯು ಮನೆಯ ಮುಂದೆ ಹರಿದರೂ ಕೊಡವಿಲ್ಲದವನಿಗೆ ನೀರಿಲ್ಲವೆಂಬಂತೆ ಆಯಿತು.

ಗ್ರಹಾಂ ಬೆಲ್ಲನು ದೂರವಾಣಿಯ ಹಕ್ಕುಪತ್ರವನ್ನು ಪಡೆದುದು ೧೮೭೬ರಲ್ಲಿ. ಐದು ವರ್ಷಗಳಲ್ಲಿಯೇ ಅದು ಹಿಂದೂದೇಶಕ್ಕೆ ಬಂದಿತು. ೧೮೮೧ರಲ್ಲಿ ಓರಿಯೆಂಟಲ್ ಟೆಲಿಫೋನ್ ಕಂಪನಿ ಎಂಬ ಇಂಗ್ಲೆಂಡಿನ ಸಂಸ್ಥೆಗೆ ಕಲಕತ್ತೆ, ಮುಂಬಯಿ, ಮದರಾಸು, ಅಹಮದಾಬಾದುಗಳಲ್ಲಿ ದೂರವಾಣಿ ಕೇಂದ್ರಗಳನ್ನು ನಡೆಯಿಸಲು ಅನುಮತಿಯು ದೊರೆಯಿತು. ೧೮೮೨ನೆಯ ಜನವರಿ ೨೮ರಂದು ಕಲಕತ್ತೆಯ ಕೇಂದ್ರವು ವಿಧಿಪೂರ್ವಕವಾಗಿ ತೆರೆಯಲ್ಪಟ್ಟಿತು. ವರ್ತಕರ ಕಂಪನಿಯೊಂದು ನಡೆಯಿಸಿದ ಈ ವ್ಯವಹಾರವು ಹಾಗೆಯೇ ಬೆಳೆದಿದ್ದರೆ ಏನಾಗುತ್ತಿದ್ದಿತೋ ಹೇಳಬರುವುದಿಲ್ಲ. ೧೮೮೫ರಲ್ಲಿ ಬಂದ ಟೆಲಿಗ್ರಾಫ್ ಕಾಯಿದೆಯು ತಂತಿಗಳನ್ನು ಸ್ಥಾಪಿಸುವ ಮತ್ತು ನಡೆಯಿಸುವ ಏಕಾಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಸರ್ಕಾರವು ಒಪ್ಪಿ ಪರವಾನಗಿ ಕೊಟ್ಟರೆ ಮಾತ್ರ ಇತರರು ಈ ಕೆಲಸವನ್ನು ಮಾಡಬಹುದು, ಇಲ್ಲವಾದರೆ ಇಲ್ಲ. ೧೯೪೩ರಲ್ಲಿ ದೊಡ್ಡ ಪಟ್ಟಣಗಳ ಕಂಪನಿಗಳನ್ನೂ ಸರ್ಕಾರವೇ ಕೊಂಡುಕೊಂಡಿತು. ನಿಜಾಮರ ಸೀಮೆಯಲ್ಲಿ ಅಂಚೆಯಂತೆಯೇ ದೂರವಾಣಿಯೂ ಸರ್ಕಾರದ ಇಲಾಖೆಯೇ ಆಗಿದ್ದಿತು. ಅಲ್ಲಿ ೧೮೬೯ರಿಂದಲೂ ಅಂಚೆಯ ಚೀಟಿಗಳು ಪ್ರತ್ಯೇಕವಾಗಿದ್ದುವು. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತಕ್ಕೆ ಸೇರಿದ ಮೇಲೆ, ೧೯೫೦ರಲ್ಲಿ ಈ ಇಲಾಖೆಗಳು ಕೇಂದ್ರ ಸರ್ಕಾರದ ಅಂಚೆ-ತಂತಿ ಇಲಾಖೆಯಲ್ಲಿ ಲೀನವಾದುವು. ಹೀಗೆ ಒಡೆತನವು ಒಂದು ಸರ್ಕಾರದಿಂದ ಮತ್ತೊಂದು ಸರ್ಕಾರಕ್ಕೆ ಹೋಯಿತೇ ಹೊರತು ಊರಿನವರ ಕೈಗೆ ಬರಲಿಲ್ಲ.

ಇದಕ್ಕೆ ಪ್ರತಿಯಾಗಿ ಅಮೆರಿಕದಲ್ಲಿ ನಡೆದುದನ್ನು ನೋಡಬೇಕು. ಬೆಲ್ಲನ ಮುಖ್ಯ ಹಕ್ಕುಪತ್ರಗಳು ೧೮೯೩-೯೪ರಲ್ಲಿ ತೀರಿಹೋದ ಕೂಡಲೇ ಸಣ್ಣ ಊರುಗಳಲ್ಲಿ ಸಾವಿರಾರು ಸ್ವತಂತ್ರ ಕಂಪನಿಗಳು ಹುಟ್ಟಿದುವು. ಬೆಲ್ ಸಂಸ್ಥೆಯು ಲಾಭವಿಲ್ಲವೆಂದು ಬಿಟ್ಟ ಹಳ್ಳಿಗಳಲ್ಲಿ ರೈತರೇ ಹಣಗೂಡಿಸಿ, ಕಂಬ ನೆಟ್ಟು, ಕೆಲವೆಡೆ ಹೊಲದ ಬೇಲಿಯ ಮುಳ್ಳುತಂತಿಯನ್ನೇ ಬಳಸಿ ಮಾತನಾಡಿದರು. ಒಂಟಿಯಾಗಿ ನಿಂತರೆ ಉಳಿಗಾಲವಿಲ್ಲವೆಂದು ತಿಳಿದು ಈ ಸಣ್ಣ ಕಂಪನಿಗಳು ೧೮೯೭ರಲ್ಲಿ ರಾಷ್ಟ್ರಮಟ್ಟದ ಸಂಘವೊಂದನ್ನು ಕಟ್ಟಿಕೊಂಡುವು. ಪ್ರಾಂತಪ್ರಾಂತಗಳಲ್ಲಿಯೂ ಅಂತಹ ಸಂಘಗಳು ಏರ್ಪಟ್ಟುವು. ಒಬ್ಬರ ತಂತಿಯನ್ನು ಮತ್ತೊಬ್ಬರ ತಂತಿಗೆ ಕೂಡಿಸುವ ಕರಾರು, ದರದ ನಿರ್ಣಯ, ಕೆಲಸಗಾರರ ಶಿಕ್ಷಣ, ಶಾಸನಸಭೆಯ ಮುಂದೆ ಅಹವಾಲು, ಇವೇ ಆ ಸಂಘಗಳ ಕಾರ್ಯ. ೧೯೪೯ರಲ್ಲಿ ಅಲ್ಲಿನ ಸರ್ಕಾರವು ಗ್ರಾಮಾಂತರದ ದೂರವಾಣಿಗಾಗಿ ಸಾಲ ಕೊಡುವ ಏರ್ಪಾಟನ್ನು ಮಾಡಿದಾಗ, ಆ ಸಾಲವನ್ನು ಪಡೆದು ಕೆಲಸ ಮಾಡುವ ಸಹಕಾರ ಸಂಘಗಳಿಗೆ ಕೊರತೆಯಿರಲಿಲ್ಲ.

ಹಾಗಾದರೆ ಕನ್ನಡಿಗರಿಗೆ ಕೂಡಿ ಕೆಲಸಮಾಡುವ ಬುದ್ಧಿಯಿರಲಿಲ್ಲವೇ? ಈ ಆಕ್ಷೇಪವು ನಿಲ್ಲಲಾರದು. ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ೧೯೦೫ರಲ್ಲಿಯೇ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿ ದೇಶಕ್ಕೆ ಮೇಲ್ಪಂಕ್ತಿಯನ್ನು ಹಾಕಿದರು. ಬೆಳಗಾವಿ ಜಿಲ್ಲೆಯ ಹುಕ್ಕೇರಿಯಲ್ಲಿ ೧೯೬೯ರಲ್ಲಿ ಸ್ಥಾಪಿತವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ತನ್ನ ಸದಸ್ಯರಿಗೆ ತಾನೇ ವಿದ್ಯುತ್ತನ್ನು ಹಂಚಿತು. ಕಂಬವನ್ನು ನೆಟ್ಟು ತಂತಿಯನ್ನು ಕಾಯುವ ಸಾಮರ್ಥ್ಯವು ಹಳ್ಳಿಗರಿಗೆ ಇದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಕಿಲ್ಲ. ವಿದ್ಯುತ್ತಿನ ತಂತಿಯನ್ನು ಸಹಕಾರ ಸಂಘವು ಎಳೆಯಬಹುದಾಗಿದ್ದಿತು; ಮಾತಿನ ತಂತಿಯನ್ನು ಎಳೆಯಲು ೧೮೮೫ರ ಕಾಯಿದೆಯು ಅಡ್ಡವಾಗಿದ್ದಿತು. ಈ ನಾಡಿನಲ್ಲಿ ಹಳ್ಳಿಯ ದೂರವಾಣಿ ಸಂಘಗಳು ಹುಟ್ಟದೆ ಹೋದುದಕ್ಕೆ ಮುಖ್ಯ ಕಾರಣವು ಇದು.

ಏಕಾಧಿಕಾರದ ಪಕ್ಷದಲ್ಲಿಯೂ ಹೇಳತಕ್ಕುದುಂಟು. ದೇಶವು ಬಡದೇಶ, ಲಾಭದ ಪಟ್ಟಣಗಳನ್ನು ಕಂಪನಿಗಳು ಹಿಡಿದುಕೊಂಡು ನಷ್ಟದ ಹಳ್ಳಿಗಳನ್ನು ಬಿಟ್ಟುಬಿಟ್ಟರೆ ಗತಿಯೇನು? ಪಟ್ಟಣದ ಲಾಭದಿಂದ ಹಳ್ಳಿಯ ನಷ್ಟವನ್ನು ತುಂಬಲು ಒಬ್ಬನೇ ಒಡೆಯನಿರುವುದು ಮೇಲಲ್ಲವೇ? ತರ್ಕವು ಸರಿಯಾದುದೇ. ಆದರೆ ಒಡೆಯನು ಆ ಹಣವನ್ನು ಹಳ್ಳಿಗೆ ನಿಜವಾಗಿಯೂ ಮುಟ್ಟಿಸಿದನೇ ಎಂಬುದೇ ಪ್ರಶ್ನೆ. ಸ್ವಾತಂತ್ರ್ಯವು ಬಂದಾಗ ಇಡೀ ದೇಶದಲ್ಲಿ ಇದ್ದ ದೂರವಾಣಿಗಳು ಒಂದು ಲಕ್ಷಕ್ಕೂ ಕಡಮೆ. ೧೯೮೪ರ ಹೊತ್ತಿಗೂ ಎಪ್ಪತ್ತು ಕೋಟಿಗೆ ಮಿಕ್ಕ ಜನರಿಗೆ ಅವು ಇಪ್ಪತ್ತೈದು ಲಕ್ಷದ ಆಸುಪಾಸು. ಅವುಗಳಲ್ಲಿ ಬಹುಭಾಗವು ಪಟ್ಟಣಗಳಲ್ಲಿಯೇ ಇದ್ದಿತು.

ಹಳ್ಳಿಯ ಸಂಘವು ಹುಟ್ಟದಿದ್ದರೂ ದೂರವಾಣಿಯ ಮಹೋದ್ಯಮವು ಕನ್ನಡನಾಡಿನಲ್ಲಿಯೇ ಹುಟ್ಟಿತು. ೧೯೪೮ರಲ್ಲಿ ಭಾರತ ಸರ್ಕಾರವು ಲಿವರ್‌ಪೂಲಿನ ಆಟೊಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯೊಡನೆ ಕರಾರು ಮಾಡಿಕೊಂಡು, ಬೆಂಗಳೂರಿನ ಹೊರಗೆ ಕೃಷ್ಣರಾಜಪುರದ ಬಳಿಯಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಎಂಬ ಕಾರ್ಖಾನೆಯನ್ನು ಸ್ಥಾಪಿಸಿತು. ಸ್ವತಂತ್ರ ಭಾರತದ ಮೊತ್ತಮೊದಲ ಸಾರ್ವಜನಿಕ ಉದ್ಯಮವೆಂಬ ಕೀರ್ತಿಯು ಇದರದು. ೧೯೫೦ರ ಜನವರಿಯಲ್ಲಿ ಇದು ಕಂಪನಿಯ ರೂಪವನ್ನು ತಾಳಿತು. ಮೈಸೂರು ಸರ್ಕಾರವೂ ಇದರಲ್ಲಿ ಸ್ವಲ್ಪ ಪಾಲನ್ನು ಹೊಂದಿದ್ದಿತು. ಅದರ ಸುತ್ತಲೂ ಬೆಳೆದ ಊರಿಗೆ ದೂರವಾಣಿನಗರವೆಂದೇ ಹೆಸರಾಯಿತು. ‘ದೂರ’ ಎಂಬುದೂ ‘ವಾಣಿ’ ಎಂಬುದೂ ಸಂಸ್ಕೃತದ ಹಳೆಯ ಶಬ್ದಗಳೇ. ಮೈಸೂರಿನಲ್ಲಿ ೧೯೩೫ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ನಡೆಯಿಸಿದ ಬಾನುಲಿ ಕೇಂದ್ರದ ‘ಆಕಾಶವಾಣಿ’ಯಂತೆಯೇ ‘ದೂರವಾಣಿ’ಯೂ ಕನ್ನಡಿಗರ ನಾಲಗೆಯಲ್ಲಿ ನೆಲಸಿತು. ಹೊಸ ವಸ್ತುವಿಗೆ ಹಳೆಯ ಶಬ್ದಗಳಿಂದ ಹೆಸರನ್ನು ಕಟ್ಟಿದ ನಾಡು, ಆ ವಸ್ತುವನ್ನು ತನ್ನ ಕೈಯಿಂದಲೇ ಮಾಡಲು ಕಲಿಯಿತು.

ಆ ಕಾರ್ಖಾನೆಯಲ್ಲಿ ಮೊದಲು ತಯಾರಾದುದು ಸ್ಟ್ರೌಜರ್ ಪದ್ಧತಿಯ ಯಂತ್ರಗಳು. ಸ್ಟ್ರೌಜರನು ಅಮೆರಿಕದ ಕನ್ಸಾಸ್ ಸಿಟಿಯಲ್ಲಿ ಶವಸಂಸ್ಕಾರದ ವ್ಯಾಪಾರ ಮಾಡುತ್ತಿದ್ದವನು. ದೂರವಾಣಿ ಕೇಂದ್ರದ ಹೆಂಗಸೊಬ್ಬಳು ತನಗೆ ಬರತಕ್ಕ ಕರೆಗಳನ್ನು ಪ್ರತಿಸ್ಪರ್ಧಿಗೆ ಕೂಡಿಸುತ್ತಿರುವಳೆಂದು ಸಂಶಯಪಟ್ಟು, ನಡುವೆ ಮನುಷ್ಯನೇ ಬೇಡವೆಂದು ಈ ಯಂತ್ರವನ್ನು ಕಲ್ಪಿಸಿದನೆಂದು ಐತಿಹ್ಯ. ೧೮೯೧ರಲ್ಲಿ ಅವನಿಗೆ ಹಕ್ಕುಪತ್ರವು ದೊರೆಯಿತು. ಕರೆಯುವವನು ಅಂಕಿಯ ಬಿಲ್ಲೆಯನ್ನು ತಿರುಗಿಸಿ ಬಿಟ್ಟಾಗ ಆ ಅಂಕಿಯಷ್ಟು ಸಲ ವಿದ್ಯುತ್ಪ್ರವಾಹವು ಕಡಿದು ಕೂಡುವುದು. ಕೇಂದ್ರದಲ್ಲಿರುವ ಲೋಹದ ಕೈಯೊಂದು ಮೊದಲ ಅಂಕಿಗೆ ಹತ್ತು ಮೆಟ್ಟಲುಗಳಲ್ಲಿ ಅಷ್ಟನೆಯ ಮೆಟ್ಟಲಿಗೆ ಏರುವುದು. ಎರಡನೆಯ ಅಂಕಿಗೆ ಆ ಮೆಟ್ಟಲಿನ ಹತ್ತು ಸ್ಥಾನಗಳಲ್ಲಿ ಅಷ್ಟನೆಯದಕ್ಕೆ ತಿರುಗುವುದು. ಹೀಗೆ ನೂರು ದಾರಿಗಳಲ್ಲಿ ಒಂದನ್ನು ಅದು ಆರಿಸುವುದು. ಸಿಮ್ಲೆಯಲ್ಲಿ ೧೯೧೩-೧೪ರಲ್ಲಿ ಸ್ಥಾಪಿತವಾದುದು ಈ ದೇಶದ ಮೊದಲ ಸ್ವಯಂಚಾಲಿತ ಕೇಂದ್ರ. ಇಂತಹ ಸೂಕ್ಷ್ಮಯಂತ್ರಗಳನ್ನು ಸಾವಿರಾರು ಕನ್ನಡಿಗರೂ ನೆರೆಸೀಮೆಯವರೂ ಗಂಡುಹೆಣ್ಣೆಂಬ ಭೇದವಿಲ್ಲದೆ ದೂರವಾಣಿನಗರದಲ್ಲಿ ಕೂಡಿಸಿದರು.

ಆದರೆ ಕೈ ಪಳಗಿದ ಮಾತ್ರಕ್ಕೆ ಬುದ್ಧಿಯು ಸ್ವತಂತ್ರವಾಗುವುದಿಲ್ಲ. ಸ್ಟ್ರೌಜರ್ ಯಂತ್ರವು ಹಳೆಯದಾದ ಮೇಲೆ ೧೯೬೪ರಲ್ಲಿ ಬೆಲ್ಜಿಯಂ ದೇಶದ ಆಂಟ್‌ವರ್ಪಿನ ಕಂಪನಿಯೊಂದರಿಂದ ಕ್ರಾಸ್‌ಬಾರ್ ಎಂಬ ಪದ್ಧತಿಯನ್ನು ತರಲಾಯಿತು. ಯೂರೋಪಿನಲ್ಲಿ ಒಂದು ದೂರವಾಣಿಯಿಂದ ದಿನಕ್ಕೆ ಕೆಲವೇ ಕರೆಗಳು ಹೋಗುತ್ತಿದ್ದುವು; ಇಲ್ಲಿಯೋ ದೂರವಾಣಿಗಳು ವಿರಳವಾದುದರಿಂದ ಒಂದೊಂದನ್ನೂ ಹತ್ತಾರು ಜನರು ಬಳಸುತ್ತಿದ್ದರು. ಆ ಭಾರವನ್ನೂ ನಮ್ಮ ಧೂಳುಸೆಕೆಗಳನ್ನೂ ತಾಳಲಾರದೆ ಆ ಯಂತ್ರಗಳು ಪಟ್ಟಣಗಳಲ್ಲಿ ಬಹಳ ತೊಂದರೆಯನ್ನು ಕೊಟ್ಟುವು. ಪರರ ಅಳತೆಗೆ ಹೊಲಿದ ಅಂಗಿಯನ್ನು ತೊಟ್ಟವನ ಪಾಡು ಇದು. ಅಷ್ಟರಲ್ಲಿ ಕಾರ್ಖಾನೆಯ ಶಾಖೆಗಳು ಶ್ರೀನಗರ, ನೈನಿ, ರಾಯಬರೇಲಿ, ಪಾಲಕ್ಕಾಡುಗಳಲ್ಲಿ ಎದ್ದುವು. ಮುಂದೆ ಮಂಕಾಪುರದಲ್ಲಿ ಫ್ರಾನ್ಸಿನ ಸಹಾಯದಿಂದ ವಿದ್ಯುನ್ಮಾನ ಯಂತ್ರಗಳ ಕಾರ್ಖಾನೆಯೂ ಸ್ಥಾಪಿತವಾಯಿತು.

೧೯೫೬ರ ನವೆಂಬರ್ ೧ರಂದು ಗುಲಬರ್ಗಾ, ರಾಯಚೂರು, ಬೀದರ ಸೀಮೆಗಳು ಮೈಸೂರಿನೊಡನೆ ಕೂಡಿದುವು. ದೇಶಕ್ಕೆಲ್ಲ ದೂರವಾಣಿಯನ್ನು ಮಾಡಿಕೊಡುವ ಬೆಂಗಳೂರು ಈಗ ಈ ಸೀಮೆಯ ರಾಜಧಾನಿಯೂ ಆಯಿತು. ಆದರೂ ದೀಪದ ಬುಡದಲ್ಲಿಯೇ ಕತ್ತಲೆಂಬ ಮಾತು ಸುಳ್ಳಾಗಲಿಲ್ಲ. ಪರಸ್ಥಳದೊಡನೆ ಮಾತನಾಡಬೇಕಾದವನು ಅಂಚೆಯ ಕಛೇರಿಗೆ ಹೋಗಿ ಟ್ರಂಕ್ ಕರೆಯನ್ನು ಬರೆಯಿಸಿ, ಗಂಟೆಗಟ್ಟಲೆ ಕಾದಿರಬೇಕು. ಸಾಮಾನ್ಯ ಕರೆಗೆ ಒಂದು ದರ, ಅರ್ಜೆಂಟ್ ಕರೆಗೆ ಇಮ್ಮಡಿ, ಲೈಟ್ನಿಂಗ್ ಕರೆಗೆ ಇನ್ನೂ ಹಲವು ಮಡಿ. ಸಾವಿನ ಸುದ್ದಿಯನ್ನು ಮುಟ್ಟಿಸಬೇಕಾದ ಬಡವನಿಗೆ ಮಿಂಚಿನ ದರವು ಎಟಕುವುದೇ? ಕೊನೆಗೆ ಅವನಿಗೆ ಗತಿಯಾದುದು ತಂತಿಯ ಕಾಗದವೇ. ತಂತಿ ಬಂದಿತೆಂದರೆ ಒಡೆದು ಓದುವ ಮೊದಲೇ ಮನೆಯಲ್ಲಿ ಅಳುವೆದ್ದ ಕಾಲವನ್ನು ಹಿರಿಯರು ಬಲ್ಲರು. ಆ ತಂತಿ ಇಲಾಖೆಯು ೨೦೧೩ರ ಜುಲೈ ತಿಂಗಳಲ್ಲಿ ಮುಚ್ಚಿಹೋಯಿತು.

ಸಂಘಟನೆಯ ಶಕ್ತಿಯು ಈ ಉದ್ಯಮದಲ್ಲಿ ಮೊದಲು ಪ್ರಕಟವಾದುದು ಕಾರ್ಮಿಕರಲ್ಲಿ. ೧೯೮೦ರ ಡಿಸೆಂಬರಿನಿಂದ ೧೯೮೧ರ ಮಾರ್ಚಿನವರೆಗೆ ಬೆಂಗಳೂರಿನ ಸಾರ್ವಜನಿಕ ಕಾರ್ಖಾನೆಗಳ ಕೆಲಸಗಾರರು ಲಕ್ಷಕ್ಕೂ ಮಿಕ್ಕಿ ಒಂದಾಗಿ ನಿಂತು, ಎಪ್ಪತ್ತೇಳು ದಿನಗಳ ಕಾಲ ಮುಷ್ಕರ ಹೂಡಿದರು. ದೂರವಾಣಿ ಕಾರ್ಖಾನೆಯವರೂ ಅದರಲ್ಲಿ ಸೇರಿದ್ದರು. ಮುಷ್ಕರವು ಬಯಸಿದ ಫಲವನ್ನು ಕೊಡಲಿಲ್ಲ. ಆದರೂ ಸಾರ್ವಜನಿಕ ಉದ್ಯಮವು ಯಾರದು ಎಂಬ ಪ್ರಶ್ನೆಯನ್ನು ಅದು ಬೀದಿಗೆ ತಂದಿತು. ಕೆಲಸಗಾರರ ಸಂಬಳದ ಪ್ರಶ್ನೆಯು ಅಲ್ಲಿ ಕೇಳಿಬಂದಿತು. ದೂರವಾಣಿಯನ್ನೇ ಕಾಣದ ಹಳ್ಳಿಗರ ಪ್ರಶ್ನೆಯನ್ನು ಕೇಳುವ ಸಂಘವು ಇನ್ನೂ ಹುಟ್ಟಿರಲಿಲ್ಲ.

ಆ ಪ್ರಶ್ನೆಗೆ ಮೊದಲ ಉತ್ತರವು ಬಂದುದು ಇನ್ನೊಂದು ದಿಕ್ಕಿನಿಂದ. ೧೯೮೪ರ ಆಗಸ್ಟಿನಲ್ಲಿ ಸ್ಯಾಮ್ ಪಿತ್ರೋಡಾ ಅವರ ಪ್ರೇರಣೆಯಿಂದ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆಯು ಸ್ಥಾಪಿತವಾಯಿತು. ಮೂವತ್ತಾರು ತಿಂಗಳಲ್ಲಿ, ಮೂವತ್ತಾರು ಕೋಟಿ ರೂಪಾಯಿಗಳಲ್ಲಿ ಸ್ವದೇಶದ ವಿದ್ಯುನ್ಮಾನ ಕೇಂದ್ರವನ್ನು ನಿರ್ಮಿಸುವುದು ಅದರ ಸಂಕಲ್ಪ. ದೆಹಲಿ, ಬೆಂಗಳೂರುಗಳಲ್ಲಿ ಎಳೆವಯಸ್ಸಿನ ಎಂಜಿನಿಯರುಗಳು ಹಗಲಿರುಳು ದುಡಿದು ಗ್ರಾಮಾಂತರಕ್ಕೆಂದೇ ೧೨೮ ತಂತಿಗಳ ಸಣ್ಣ ಸ್ವಯಂಚಾಲಿತ ಕೇಂದ್ರವೊಂದನ್ನು ರೂಪಿಸಿದರು. ಪರದೇಶದ ಯಂತ್ರಗಳಿಗೆ ತಂಪಾದ ಕೊಠಡಿಯೂ ಧೂಳಿಲ್ಲದ ಗಾಳಿಯೂ ಬೇಕು. ಹಳ್ಳಿಯಲ್ಲಿ ಅವೆರಡೂ ಇಲ್ಲ. ಆದುದರಿಂದ ಶೀತಯಂತ್ರದ ಹಂಗಿಲ್ಲದೆ, ಬಿಸಿಗಾಳಿಯು ತಾನಾಗಿಯೇ ಮೇಲಕ್ಕೆ ಹೋಗುವ ಸಹಜಧರ್ಮದಿಂದಲೇ ಯಂತ್ರವು ತಂಪಾಗುವಂತೆ ಅವರು ಅದನ್ನು ಅಣಿಗೊಳಿಸಿದರು.

ಈ ಯಂತ್ರವು ೧೯೮೬ರಲ್ಲಿ ಮೊದಲು ಪರೀಕ್ಷಾರ್ಥವಾಗಿ ಸ್ಥಾಪಿತವಾದ ಊರು ಕಿತ್ತೂರು. ೧೮೨೪ರಲ್ಲಿ ರಾಣಿ ಚೆನ್ನಮ್ಮನು ಇಂಗ್ಲಿಷರ ಎದುರಿಗೆ ಕತ್ತಿಯನ್ನು ಹಿರಿದ ಸ್ಥಳವೇ ಅದು. ಸುರಪುರದ ನಾಯಕರ ಕಥೆಯನ್ನು ಕೇಳಿ ಬೆಳೆದ ಸೀಮೆಗೆ ಕಿತ್ತೂರಿನ ಹೆಸರು ಅಪರಿಚಿತವಲ್ಲ. ಯಾವ ಸ್ಥಾನದಲ್ಲಿ ಪರಪ್ರಭುತ್ವಕ್ಕೆ ಎದುರು ಮಾತು ಹುಟ್ಟಿತೋ, ಅಲ್ಲಿಯೇ ಪರಾಧೀನವಲ್ಲದ ದೂರವಾಣಿಯೂ ಮೊದಲು ನುಡಿಯಿತು. ಇದು ಕಾಕತಾಳೀಯ ನ್ಯಾಯವೇ ಇರಬಹುದು, ಆದರೂ ಸ್ಮರಣೀಯವಾದುದು. ಅಲ್ಲಿಂದ ಮುಂದೆ ಈ ಯಂತ್ರವನ್ನು ತಯಾರಿಸುವ ಪರವಾನಗಿಯು ಅನೇಕ ಕಾರ್ಖಾನೆಗಳಿಗೆ ಕೊಡಲ್ಪಟ್ಟಿತು. ನೂರಾರು, ತರುವಾಯ ಸಾವಿರಾರು ಹಳ್ಳಿಗಳಲ್ಲಿ ಸಣ್ಣ ಕೇಂದ್ರಗಳು ತೆರೆದುವು. ಜೊತೆಯಲ್ಲಿಯೇ ಬೀದಿಬೀದಿಗಳಲ್ಲಿ ಹಳದಿಯ ಹಲಗೆಯ ಎಸ್‌ಟಿಡಿ ಬೂತುಗಳು ಎದ್ದುವು. ಬೂತನ್ನು ನಡೆಯಿಸುವವನು ಊರಿನವನೇ. ಕರೆಯ ಹಣದಲ್ಲಿ ಅವನಿಗೊಂದು ಪಾಲು. ಅಮೆರಿಕದ ರೈತನಂತೆ ತಂತಿಗೆ ಒಡೆಯನಾಗದಿದ್ದರೂ, ನಮ್ಮ ಹಳ್ಳಿಯವನು ದೂರವಾಣಿಯ ವ್ಯವಹಾರದಲ್ಲಿ ಪಾಲುಗಾರನಾದುದು ಇದೇ ಮೊದಲು.

ಉದ್ಯಮ ಸಂಘಗಳು ಹುಟ್ಟಿದುದೂ ಈ ಕಾಲದಲ್ಲಿಯೇ. ಯಂತ್ರಗಳನ್ನು ತಯಾರಿಸುವವರು ಹಲವರಾದ ಮೇಲೆ ೧೯೯೦ರಲ್ಲಿ ತಯಾರಕರ ಸಂಘವೊಂದು ಏರ್ಪಟ್ಟಿತು. ೧೯೯೪ರ ರಾಷ್ಟ್ರೀಯ ನೀತಿಯು ಖಾಸಗಿ ಕಂಪನಿಗಳಿಗೆ ಬಾಗಿಲನ್ನು ತೆರೆಯಿತು. ೧೯೯೫ರಲ್ಲಿ ಸಂಚಾರಿ ದೂರವಾಣಿಯ ಕಂಪನಿಗಳು ತಮ್ಮ ಸಂಘವನ್ನು ಕಟ್ಟಿಕೊಂಡುವು. ೧೯೯೭ರಲ್ಲಿ ವ್ಯಾಜ್ಯಗಳನ್ನೂ ದರಗಳನ್ನೂ ನೋಡಿಕೊಳ್ಳಲು ನಿಯಂತ್ರಣ ಪ್ರಾಧಿಕಾರವು ರಚಿತವಾಯಿತು. ೨೦೦೦ದ ಅಕ್ಟೋಬರ್ ೧ರಂದು ಸರ್ಕಾರದ ಇಲಾಖೆಯ ವ್ಯವಹಾರವು ಭಾರತ ಸಂಚಾರ ನಿಗಮವೆಂಬ ಕಂಪನಿಯಾಯಿತು. ೧೮೮೫ರ ಕಾಯಿದೆಯ ಸ್ಥಾನದಲ್ಲಿ ಹೊಸ ಕಾಯಿದೆಯು ಬಂದುದು ೨೦೨೩ರಲ್ಲಿ. ಆದರೆ ಈ ಸಂಘಗಳನ್ನು ಅಮೆರಿಕದ ಪ್ರಾಂತೀಯ ಸಂಘಗಳಿಗೆ ಹೋಲಿಸಿದರೆ ಭೇದವು ಸ್ಪಷ್ಟವಾಗುವುದು. ಅವು ಸಣ್ಣ ಊರುಗಳ ಸಣ್ಣ ಕಂಪನಿಗಳು ದೊಡ್ಡದರ ಎದುರಿಗೆ ನಿಲ್ಲಲು ಕಟ್ಟಿಕೊಂಡ ಆಶ್ರಯಗಳು. ಇವು ದೊಡ್ಡ ಬಂಡವಾಳದವರು ದೆಹಲಿಯಲ್ಲಿ ಸರ್ಕಾರದೊಡನೆ ವ್ಯವಹರಿಸಲು ಕಟ್ಟಿಕೊಂಡ ಮಂಡಲಿಗಳು. ಅವುಗಳಲ್ಲಿ ಹಳ್ಳಿಗೆ ಆಸನವಿರಲಿಲ್ಲ.

ಹಳ್ಳಿಯ ಪಾಲಿಗೆ ಬಂದುದು ಆಸನವಲ್ಲ, ನಿಧಿ. ೨೦೦೨ರಿಂದ ಕಂಪನಿಗಳ ಆದಾಯದಲ್ಲಿ ನೂರಕ್ಕೆ ಐದರಂತೆ ತೆಗೆದಿಟ್ಟು, ಲಾಭವಿಲ್ಲದ ಸ್ಥಳಗಳಿಗೆ ದೂರವಾಣಿಯನ್ನು ಒದಗಿಸಲು ಸಾರ್ವತ್ರಿಕ ಸೇವೆಯ ನಿಧಿಯೊಂದು ಏರ್ಪಟ್ಟಿತು. ಪಟ್ಟಣದ ಲಾಭದಿಂದ ಹಳ್ಳಿಯ ನಷ್ಟವನ್ನು ತುಂಬಬೇಕೆಂಬ ಹಳೆಯ ತರ್ಕವೇ ಇಲ್ಲಿ ಕಾಯಿದೆಯ ರೂಪದಿಂದ ಮರಳಿ ಬಂದಿತು. ಗ್ರಾಮ ಪಂಚಾಯತಿಗಳಿಗೆ ಗಾಜಿನ ನೂಲಿನ ತಂತಿಯನ್ನು ಎಳೆಯುವ ಯೋಜನೆಯು ೨೦೧೧ರಲ್ಲಿ ಅಂಗೀಕೃತವಾದುದೂ ಈ ನಿಧಿಯ ಬಲದಿಂದಲೇ. ದೂರವಾಣಿನಗರದ ಕಾರ್ಖಾನೆಯು ಮಾತ್ರ ಪರದೇಶದ ಕಂಪನಿಗಳ ಸ್ಪರ್ಧೆಯಲ್ಲಿ ಸೊರಗಿ, ರೋಗಗ್ರಸ್ತ ಉದ್ಯಮಗಳ ಪಟ್ಟಿಗೆ ಸೇರಿತು. ೨೦೧೪ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಸಾವಿರ ಕೋಟಿ ರೂಪಾಯಿಗಳಿಗೂ ಮೀರಿದ ಪುನರುಜ್ಜೀವನದ ಯೋಜನೆಯನ್ನು ಅದಕ್ಕೆ ಮಂಜೂರು ಮಾಡಬೇಕಾಯಿತು. ದೇಶಕ್ಕೆಲ್ಲ ಮಾತನ್ನು ಕಲಿಸಿದ ತಾಯಿಯು ತನ್ನ ಅಳಲನ್ನು ಹೇಳಿಕೊಳ್ಳಲು ಪರರ ಬಾಗಿಲಿನಲ್ಲಿ ನಿಂತಂತಾಯಿತು.

ಈ ಚರಿತ್ರೆಯಿಂದ ನಿರ್ಣಯವಾಗತಕ್ಕುದೇನು? ಒಡೆತನವು ಸರ್ಕಾರದ್ದಾಗಲಿ, ಕಂಪನಿಯದಾಗಲಿ, ಹಳ್ಳಿಯ ಹೊಣೆಯನ್ನು ಹೊರುವವರಾರೆಂಬುದು ಸ್ಪಷ್ಟವಾಗದಿದ್ದರೆ ತಂತಿಯು ಹಳ್ಳಿಯ ತಲೆಯ ಮೇಲೆಯೇ ಹಾದುಹೋಗುವುದು. ೧೮೭೧ರ ಯಾದಗಿರಿಯ ಕಥೆಯು ಇದೇ. ತರುವಾಯ ನೂರು ವರ್ಷಗಳ ಕಥೆಯೂ ಇದೇ. ಕಿತ್ತೂರಿನಲ್ಲಿ ಯಂತ್ರವು ಮಾತನಾಡಿದುದು ಅದನ್ನು ರಚಿಸಿದವರು ಹಳ್ಳಿಯ ಧೂಳನ್ನೂ ಸೆಕೆಯನ್ನೂ ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡುದರಿಂದ. ಹುಕ್ಕೇರಿಯಲ್ಲಿ ದೀಪವು ಉರಿದುದು ಊರಿನವರು ಕೂಡಿ ನಿಂತುದರಿಂದ. ಇವೆರಡೂ ಒಂದೇ ಸ್ಥಳದಲ್ಲಿ ಕೂಡಿಬಂದಿದ್ದರೆ ಕನ್ನಡನಾಡಿನ ದೂರವಾಣಿ ಚರಿತ್ರೆಯು ಬೇರೆಯಾಗುತ್ತಿದ್ದಿತು.

೨೦೦೯ರ ಡಿಸೆಂಬರಿನಲ್ಲಿ ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ಶಾಸನಗಳನ್ನೂ ವೀರಗಲ್ಲುಗಳನ್ನೂ ಸಂಗ್ರಹಿಸುವಂತೆಯೇ ಈ ಮಾತಿನ ದಾರಿಯ ಚರಿತ್ರೆಯನ್ನೂ ಸಂಗ್ರಹಿಸಬೇಕು. ಟ್ರಂಕ್ ಕರೆಗಳನ್ನು ಕೂಡಿಸಿದ ಹಳೆಯ ನೌಕರರು, ಮಳೆಯಲ್ಲಿ ಕಂಬವೇರಿದ ಲೈನ್‌ಮನ್ನರು, ಬೂತನ್ನು ನಡೆಯಿಸಿ ಮನೆಯನ್ನು ಸಾಕಿದವರು ಊರೂರುಗಳಲ್ಲಿ ಇನ್ನೂ ಇರುವರು. ಅಂಚೆಯ ಹಳೆಯ ದಫ್ತರಗಳೂ ದೂರವಾಣಿಯ ಹಳೆಯ ಪಟ್ಟಿಗಳೂ ರದ್ದಿಗೆ ಹೋಗುವ ಮೊದಲೇ ಕೈಗೆ ಬರಬೇಕು. ವನದುರ್ಗದ ಕೋಟೆಯ ಕಲ್ಲುಗಳು ಇನ್ನೂ ಕೆಲವು ತಲೆಮಾರು ಕಾದಿರಬಲ್ಲವು. ಮನುಷ್ಯರ ನೆನಪು ಅಷ್ಟು ಕಾಲ ಕಾಯುವುದಿಲ್ಲ. ಜಿಲ್ಲೆಯ ಸಾಹಿತ್ಯ ಸಂಘಗಳು ಈ ಕಾರ್ಯಕ್ಕೆ ಕೈಯಿಕ್ಕಿದರೆ ಮುಂದಿನವರಿಗೆ ಮಹದುಪಕಾರವಾಗುವುದರಲ್ಲಿ ಸಂದೇಹವಿಲ್ಲ.